ಹಳೆ ಬಾಟಲಿಯಲ್ಲಿ ವಿಸ್ಕಿ ಮಾಗುತ್ತದೆಯೇ? ಡಾ. ಜೇಮ್ಸ್ ಕ್ರೋ ಬದುಕಿನಲ್ಲಿದೆ ಉತ್ತರ

ಐವತ್ತು ವರ್ಷ ಹಳೆಯ, ಇನ್ನೂ ಮುಚ್ಚಳ ತೆಗೆಯದ ವಿಸ್ಕಿ ಬಾಟಲಿಯ ಫೋಟೊ. ಇಷ್ಟು ವರ್ಷ ಮಾಗಿ ಒಳಗಿನ ದ್ರವ ಅಮೃತವಾಗಿದೆ, ಇಂದಿನ ಬಾಟಲಿ ಇದರ ಮುಂದೆ ನೀರು ಎಂಬ ಒಕ್ಕಣೆ. ಇಂಥ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಮನೆಯ ಅಟ್ಟದಲ್ಲಿ ತಾತನ ಕಾಲದ ಬಾಟಲಿ ಸಿಕ್ಕಿದವರು ಇದನ್ನು ನಂಬಿ ಮುಚ್ಚಳ ತೆಗೆಯುವುದೂ ಉಂಟು.

ಚಿಕ್ಕ ಉತ್ತರ ಇಷ್ಟೇ: ಬಾಟಲಿಗೆ ಇಳಿದ ಮೇಲೆ ವಿಸ್ಕಿ ಮಾಗುವುದಿಲ್ಲ. ಹಾಗೆಂದು ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸವೇ ಇಲ್ಲ ಎನ್ನುವಂತಿಲ್ಲ. ಕೆಲವೊಮ್ಮೆ ಒಂದೇ ಹೆಸರಿನ ಎರಡು ಬಾಟಲಿಗಳ ಒಳಗೆ ಎರಡು ಬೇರೆ ಬೇರೆ ಪಾನೀಯಗಳೇ ಇರುತ್ತವೆ. ಇದಕ್ಕೆ ಅಮೆರಿಕದ ಬರ್ಬನ್ ವಿಸ್ಕಿ ಓಲ್ಡ್ ಕ್ರೋಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆ ಹೆಸರಿನ ಹಿಂದೆ ಒಬ್ಬ ನಿಜವಾದ ಮನುಷ್ಯ ಇದ್ದರು. ಅವರ ಬದುಕನ್ನು ನೋಡಿದರೆ ಫಾರ್ವರ್ಡಿನ ಸತ್ಯಾಸತ್ಯತೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಸ್ಕಾಟ್ಲೆಂಡಿನಿಂದ ಕೆಂಟಕಿಗೆ

ಜೇಮ್ಸ್ ಕ್ರಿಸ್ಟೋಫರ್ ಕ್ರೋ ಹುಟ್ಟಿದ್ದು 18ನೇ ಶತಮಾನದ ಕೊನೆಯಲ್ಲಿ, ಸ್ಕಾಟ್ಲೆಂಡಿನಲ್ಲಿ. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಮತ್ತು ರಸಾಯನಶಾಸ್ತ್ರ ಓದಿದರು ಎಂಬುದು ಅವರ ಬಗ್ಗೆ ಪರಂಪರೆಯಿಂದ ಬಂದ ಮಾತು. 1820ರ ದಶಕದಲ್ಲಿ ಅಮೆರಿಕಕ್ಕೆ ಬಂದು ಕೆಂಟಕಿ ರಾಜ್ಯ ಸೇರಿದರು. ವುಡ್‌ಫರ್ಡ್ ಕೌಂಟಿಯ ಗ್ಲೆನ್ಸ್ ಕ್ರೀಕ್ ಎಂಬ ಹಳ್ಳದ ದಂಡೆಯ ಭಟ್ಟಿಗಳಲ್ಲಿ ಕೆಲಸ ಹಿಡಿದರು. ಊರವರಿಗೆ ಅವರು ವೈದ್ಯರೂ ಹೌದು, ವಿಸ್ಕಿ ಮಾಡುವವರೂ ಹೌದು.

ಆ ಪ್ರದೇಶದ ನೆಲದಡಿ ಇರುವುದು ಸುಣ್ಣಕಲ್ಲು. ಅದರ ಮೂಲಕ ಹರಿದು ಬರುವ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚು, ಕಬ್ಬಿಣದ ಅಂಶ ಕಡಿಮೆ. ಕಬ್ಬಿಣ ಹೆಚ್ಚಿದ್ದರೆ ವಿಸ್ಕಿಯ ಬಣ್ಣ ಕಪ್ಪಾಗುತ್ತದೆ, ರುಚಿಯೂ ಕೆಡುತ್ತದೆ. ಜೊತೆಗೆ ಅಲ್ಲಿ ಮೆಕ್ಕೆಜೋಳ ಯಥೇಚ್ಛವಾಗಿ ಬೆಳೆಯುತ್ತಿತ್ತು. ಜೋಳವನ್ನು ದೂರದ ಪೇಟೆಗೆ ಸಾಗಿಸುವುದಕ್ಕಿಂತ ಅದರಿಂದ ವಿಸ್ಕಿ ಮಾಡಿ ಪೀಪಾಯಿಯಲ್ಲಿ ಸಾಗಿಸುವುದು ರೈತರಿಗೆ ಸುಲಭವಾಗಿತ್ತು.

1830ರ ದಶಕದಲ್ಲಿ ಕ್ರೋ ಆಸ್ಕರ್ ಪೆಪ್ಪರ್ ಎಂಬ ಜಮೀನ್ದಾರರ ಭಟ್ಟಿಗೆ ಬಂದರು. ಸುಮಾರು ಎರಡು ದಶಕ, 1855ರವರೆಗೆ, ಅಲ್ಲೇ ದುಡಿದರು. ಪೆಪ್ಪರ್ ಕುಟುಂಬ ಗುಲಾಮರನ್ನು ಇಟ್ಟುಕೊಂಡಿತ್ತು. ಹೊಲದಲ್ಲೂ ಭಟ್ಟಿಯಲ್ಲೂ ಬೆವರು ಸುರಿಸಿದ ಆ ಜನರ ಹೆಸರು ಯಾವ ಲೇಬಲ್ ಮೇಲೂ ಬರಲಿಲ್ಲ. ಅದೇ ಜಾಗದಲ್ಲಿ ಇಂದು ವುಡ್‌ಫರ್ಡ್ ರಿಸರ್ವ್ ಡಿಸ್ಟಿಲರಿ ಇದೆ.

ಕೈ ಅಂದಾಜಿನ ಕಾಲದಲ್ಲಿ ಅಳತೆ

ಆಗಿನ ವಿಸ್ಕಿ ತಯಾರಿ ಹೇಗಿತ್ತು ಎಂದರೆ, ಒಂದು ವಾರ ಚೆನ್ನಾಗಿ ಬಂದದ್ದು ಮುಂದಿನ ವಾರ ಕೆಟ್ಟು ಹೋಗುತ್ತಿತ್ತು. ಧಾನ್ಯದ ಗಂಜಿ ಎಷ್ಟು ಬಿಸಿಯಿದೆ ಎಂದು ತಿಳಿಯಲು ಬೆರಳು ಅದ್ದುವುದು, ಮದ್ಯ ಎಷ್ಟು ಗಟ್ಟಿ ಎಂದು ತಿಳಿಯಲು ಅಲುಗಾಡಿಸಿ ನೊರೆ ನೋಡುವುದು, ಇವೇ ಅಳತೆಗಳು. ಚೆನ್ನಾಗಿ ಬಂದರೆ ಅದೃಷ್ಟ, ಕೆಟ್ಟರೆ ಹಣೆಬರಹ.

ಕ್ರೋ ಅಲ್ಲಿಗೆ ಉಪಕರಣಗಳನ್ನು ತಂದರು. ಶಾಖಕ್ಕೆ ಥರ್ಮಾಮೀಟರ್, ದ್ರವದ ಸಾಂದ್ರತೆಗೆ ಹೈಡ್ರೋಮೀಟರ್, ಸಕ್ಕರೆಯ ಪ್ರಮಾಣಕ್ಕೆ ಸ್ಯಾಕರಿಮೀಟರ್. ಭಟ್ಟಿಯ ಸ್ವಚ್ಛತೆಗೆ ಒತ್ತು ಕೊಟ್ಟರು. ವಿಸ್ಕಿಯನ್ನು ಬಿಸಿಬಿಸಿಯಾಗಿ ಮಾರುವ ಬದಲು ಓಕ್ ಮರದ ಪೀಪಾಯಿಯಲ್ಲಿ ಮಾಗಲು ಬಿಟ್ಟರು. ಇದರಿಂದ ಅವರ ವಿಸ್ಕಿಗೆ ಬಂದ ದೊಡ್ಡ ಗುಣವೆಂದರೆ ಪ್ರತಿ ಸಲವೂ ಒಂದೇ ರೀತಿ ಇರುವುದು. ಇಂದು ಇದು ಸಣ್ಣ ವಿಷಯ ಅನ್ನಿಸಬಹುದು. ಕೊಂಡ ಪ್ರತಿ ಪೀಪಾಯಿಯೂ ಜೂಜು ಆಗಿದ್ದ ಕಾಲದಲ್ಲಿ ಅದು ದೊಡ್ಡ ಭರವಸೆ. ಗಿರಾಕಿಗಳು ಕ್ರೋ ಮಾಡಿದ್ದು ಬೇಕು ಎಂದು ಹೆಸರು ಹಿಡಿದು ಕೇಳತೊಡಗಿದರು.

ಹುಳಿ ಗಂಜಿಯ ವಿಜ್ಞಾನ

ಕ್ರೋ ಹೆಸರಿನ ಜೊತೆ ಸದಾ ಬರುವ ಪದ ಸೌರ್ ಮ್ಯಾಶ್. ಕನ್ನಡದಲ್ಲಿ ಹುಳಿ ಗಂಜಿ ಎನ್ನೋಣ. ಮೊದಲ ಸಲ ಭಟ್ಟಿ ಇಳಿಸಿದ ಮೇಲೆ ಪಾತ್ರೆಯ ತಳದಲ್ಲಿ ಮದ್ಯ ಹೋಗಿ ಉಳಿದ ಹುಳಿ ದ್ರವ ಇರುತ್ತದೆ. ಅದರಲ್ಲಿ ಒಂದಿಷ್ಟನ್ನು ಮುಂದಿನ ಸಲದ ಹೊಸ ಗಂಜಿಗೆ ಬೆರೆಸುವುದೇ ಈ ವಿಧಾನ.

ಇದನ್ನು ಮೊಸರಿನ ಹೆಪ್ಪಿಗೆ ಹೋಲಿಸುವವರಿದ್ದಾರೆ. ಹೋಲಿಕೆ ಅರ್ಧ ಮಾತ್ರ ಸರಿ. ಹೆಪ್ಪಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತವೆ, ಅವೇ ಹಾಲನ್ನು ಮೊಸರಾಗಿಸುತ್ತವೆ. ಭಟ್ಟಿಯ ತಳದ ದ್ರವ ಚೆನ್ನಾಗಿ ಕುದ್ದಿರುತ್ತದೆ. ಅದರಲ್ಲಿದ್ದ ಸೂಕ್ಷ್ಮಜೀವಿಗಳು ಸತ್ತಿರುತ್ತವೆ. ಹೊಸ ಗಂಜಿಗೆ ಸೇರುವುದು ಮುಖ್ಯವಾಗಿ ಹುಳಿ, ಜೊತೆಗೆ ಯೀಸ್ಟ್‌ಗೆ ಬೇಕಾದ ಕೆಲವು ಪೋಷಕಾಂಶ. ಉಪ್ಪಿನಕಾಯಿಯಲ್ಲಿ ಹುಳಿ ಮಾಡುವ ಕೆಲಸವನ್ನೇ ಇಲ್ಲೂ ಮಾಡುತ್ತದೆ: ಕೆಡಿಸುವ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಯೀಸ್ಟ್ ಮಾತ್ರ ಆ ಹುಳಿಯಲ್ಲೂ ಆರಾಮವಾಗಿ ಬೆಳೆದು ಸಕ್ಕರೆಯನ್ನು ಆಲ್ಕೋಹಾಲ್ ಆಗಿಸುತ್ತದೆ.

ಇಲ್ಲಿ ಎಲ್ಲವೂ ನಿಂತಿರುವುದು ಅಳತೆಯ ಮೇಲೆ. ಹುಳಿ ಕಡಿಮೆಯಾದರೆ ಬ್ಯಾಕ್ಟೀರಿಯಾ ಗೆಲ್ಲುತ್ತವೆ. ಅತಿಯಾದರೆ ಯೀಸ್ಟ್‌ಗೂ ಕಷ್ಟ, ರುಚಿಯೂ ಬದಲಾಗುತ್ತದೆ. ಈ ಮಾತನ್ನು ನೆನಪಿಡಿ, ಕಥೆಯ ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಕ್ರೋ ಬಗ್ಗೆ ಮೂರು ತಪ್ಪು ಮಾತು

ಮೊದಲನೆಯದು, ಸೌರ್ ಮ್ಯಾಶ್ ಕಂಡುಹಿಡಿದವರು ಕ್ರೋ ಎಂಬುದು. ಇದು ಸರಿಯಲ್ಲ. ಕೆಂಟಕಿಯ ಕ್ಯಾಥರೀನ್ ಕಾರ್ಪೆಂಟರ್ ಎಂಬ ಮಹಿಳೆಯ 1818ರ ಕೈಬರಹದ ವಿಧಾನ ಉಳಿದು ಬಂದಿದೆ. ಅದರಲ್ಲಿ ಹುಳಿ ಗಂಜಿಯ ಕ್ರಮ ಸ್ಪಷ್ಟವಾಗಿ ಇದೆ. ಕ್ರೋ ಆಗಿನ್ನೂ ಕೆಂಟಕಿಗೆ ಕಾಲಿಟ್ಟಿರಲಿಲ್ಲ. ಬಳಕೆಯಲ್ಲಿದ್ದ ಕ್ರಮವನ್ನು ಅಳತೆಗೆ ಒಳಪಡಿಸಿ, ಪ್ರತಿ ಸಲವೂ ಅದೇ ಫಲ ಬರುವಂತೆ ಮಾಡಿದ್ದು ಕ್ರೋ ಸಾಧನೆ.

ಎರಡನೆಯದು, ಅವರು ಗಂಜಿಯ ಪಿಹೆಚ್ ಅಳೆಯುತ್ತಿದ್ದರು ಎಂಬುದು. ಪಿಹೆಚ್ ಎಂಬ ಅಳತೆಯನ್ನು ಡೆನ್ಮಾರ್ಕಿನ ಸೋರೆನ್‌ಸೆನ್ ಪರಿಚಯಿಸಿದ್ದು 1909ರಲ್ಲಿ, ಅಂದರೆ ಕ್ರೋ ತೀರಿಕೊಂಡು ಅರ್ಧ ಶತಮಾನ ಕಳೆದ ಮೇಲೆ. ಹುಳಿ ಇದೆಯೇ ಎಂದು ತೋರಿಸುವ ಲಿಟ್ಮಸ್ ಮಾತ್ರ ಅವರ ಕಾಲದಲ್ಲಿ ಇತ್ತು.

ಮೂರನೆಯದು, ದೊಡ್ಡವರ ಹೆಸರು. ಅಂತರ್ಯುದ್ಧದ ಸೇನಾನಿ, ಮುಂದೆ ಅಧ್ಯಕ್ಷರಾದ ಯುಲಿಸಿಸ್ ಗ್ರಾಂಟ್ ಅವರಿಗೆ ಓಲ್ಡ್ ಕ್ರೋ ಇಷ್ಟವಿತ್ತು ಎಂಬ ಕಥೆ ಎಲ್ಲೆಡೆ ಸಿಗುತ್ತದೆ. ಗ್ರಾಂಟ್ ಅಧ್ಯಕ್ಷರಾಗಿದ್ದು 1869ರಿಂದ 1877ರವರೆಗೆ. ಆ ಹೊತ್ತಿಗೆ ಕ್ರೋ ಇರಲಿಲ್ಲ. ಅವರು ಕುಡಿದಿದ್ದರೂ ಅದು ಹೆಚ್ಚೆಂದರೆ ಹಳೆಯ ದಾಸ್ತಾನು, ಇಲ್ಲವೇ ಬೇರೆಯವರು ಮಾಡಿದ್ದು. ಇಸವಿ ಹೋಲಿಸಿ ನೋಡಿದರೆ ಅರ್ಧ ಕಥೆಗಳು ಹೀಗೆಯೇ ಜಾರುತ್ತವೆ.

ಹಾಗಾದರೆ ಕ್ರೋ ಅವರಿಗೆ ತಾವು ಮಾಡುತ್ತಿದ್ದುದರ ಕಾರಣ ಗೊತ್ತಿತ್ತೇ? ಪೂರ್ತಿ ಗೊತ್ತಿರಲು ಸಾಧ್ಯವಿರಲಿಲ್ಲ. ಹುದುಗು ಬರುವುದು ಸೂಕ್ಷ್ಮಜೀವಿಗಳ ಕೆಲಸ ಎಂದು ಲೂಯಿ ಪಾಶ್ಚರ್ ವಾದಿಸಿದ ಹೆಸರಾಂತ ಪ್ರಬಂಧ ಬಂದದ್ದು 1857ರಲ್ಲಿ. ಕ್ರೋ ತೀರಿಕೊಂಡದ್ದು ಅದಕ್ಕೆ ಒಂದು ವರ್ಷ ಮೊದಲು, 1856ರಲ್ಲಿ. ಕಾರಣ ತಿಳಿಯದೆಯೂ ಅವರು ಎಚ್ಚರದಿಂದ ಅಳೆದರು, ಸರಿ ಬಂದದ್ದನ್ನು ಹಾಗೆಯೇ ಮರಳಿ ಮಾಡಿದರು.

ಮನುಷ್ಯ ಹೋದರು, ಹೆಸರು ಉಳಿಯಿತು

ಕ್ರೋ ತಮ್ಮ ಹೆಸರಿನ ಕಂಪನಿ ಕಟ್ಟಲಿಲ್ಲ. ಪೆಪ್ಪರ್ ಅವರ ಭಟ್ಟಿ ಪೆಪ್ಪರ್ ಅವರದಾಗಿಯೇ ಇತ್ತು. ಕ್ರೋ ಅಲ್ಲಿ ಕೆಲಸಗಾರ. ಅವರ ಕಾಲದಲ್ಲಿ ವಿಸ್ಕಿ ಹೋಗುತ್ತಿದ್ದುದು ಪೀಪಾಯಿಯಲ್ಲಿ, ಇಂದಿನ ಬಾಟಲಿ, ಲೇಬಲ್ ಯಾವುದೂ ರೂಢಿಯಲ್ಲಿರಲಿಲ್ಲ. ಮುಚ್ಚಿದ ಬಾಟಲಿಯಲ್ಲಿ ಮಾತ್ರ ಮಾರಿದ ಮೊದಲ ಬರ್ಬನ್ ಓಲ್ಡ್ ಫಾರೆಸ್ಟರ್ ಬಂದದ್ದು 1870ರಲ್ಲಿ. ಹಾಗಾಗಿ ಸ್ವತಃ ಕ್ರೋ ಕೈಯಿಂದ ತಯಾರಾದ ವಿಸ್ಕಿಯನ್ನು ಇಂದಿನದರ ಪಕ್ಕ ಇಟ್ಟು ಹೋಲಿಸಿದೆ ಎಂದು ಯಾರಾದರೂ ಹೇಳಿದರೆ ಒಂದು ಕ್ಷಣ ಅನುಮಾನಿಸುವುದು ಒಳ್ಳೆಯದು.

ಅಂತರ್ಯುದ್ಧ ಮುಗಿದ ಮೇಲೆ ಗೇನ್ಸ್ ಎಂಬುವರ ಕಂಪನಿ ಓಲ್ಡ್ ಕ್ರೋ ಹೆಸರನ್ನು ಹಿಡಿದು ವ್ಯಾಪಾರ ಬೆಳೆಸಿತು. ಗ್ಲೆನ್ಸ್ ಕ್ರೀಕ್ ದಂಡೆಯಲ್ಲೇ ಆ ಹೆಸರಿನ ದೊಡ್ಡ ಡಿಸ್ಟಿಲರಿ ಎದ್ದಿತು. ಸತ್ತವರ ಹೆಸರಿಗೆ ಎಷ್ಟು ಬೆಲೆ ಇತ್ತೆಂದರೆ, ಕ್ರೋ ಎಂಬ ಪದವನ್ನು ಬಳಸುವ ಹಕ್ಕಿನ ಜಗಳ ವರ್ಷಗಟ್ಟಲೆ ಕೋರ್ಟುಗಳಲ್ಲಿ ಅಲೆದು 1918ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಆ ದಿನಗಳಲ್ಲಿ ಕಲಬೆರಕೆ ಎಗ್ಗಿಲ್ಲದೆ ನಡೆಯುತ್ತಿತ್ತು. ಬಣ್ಣ, ಸಿಹಿ, ರುಚಿಯ ಪದಾರ್ಥ ಬೆರೆಸಿದ ಕಚ್ಚಾ ಮದ್ಯವನ್ನೇ ಹಳೆಯ ವಿಸ್ಕಿ ಎಂದು ಮಾರುತ್ತಿದ್ದರು. ಇದನ್ನು ತಡೆಯಲು 1897ರಲ್ಲಿ ಬಾಟಲ್ಡ್ ಇನ್ ಬಾಂಡ್ ಕಾಯ್ದೆ ಬಂತು. ಒಂದೇ ಡಿಸ್ಟಿಲರಿಯಲ್ಲಿ, ಒಂದೇ ಋತುವಿನಲ್ಲಿ ತಯಾರಾಗಿ, ಸರ್ಕಾರದ ಕಾವಲಿನ ಉಗ್ರಾಣದಲ್ಲಿ ಕನಿಷ್ಠ 4 ವರ್ಷ ಮಾಗಿ, ಶೇ. 50 ಆಲ್ಕೋಹಾಲ್ ಇರುವ ಬಾಟಲಿಗೆ ಮಾತ್ರ ಆ ಮುದ್ರೆ. ಹಳೆಯದೆಲ್ಲ ಶುದ್ಧ, ಹೊಸದೆಲ್ಲ ಕಲಬೆರಕೆ ಎನ್ನುವವರು ಇಂಥ ಕಾಯ್ದೆ ಯಾಕೆ ಬೇಕಾಯಿತು ಎಂದು ಯೋಚಿಸಬೇಕು.

1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ. ಆಗಲೂ ಡಾಕ್ಟರ ಚೀಟಿ ತೋರಿಸಿದರೆ ಔಷಧದ ಹೆಸರಿನಲ್ಲಿ ವಿಸ್ಕಿ ಸಿಗುತ್ತಿತ್ತು. ನಿಷೇಧದ ನಂತರ ನ್ಯಾಷನಲ್ ಡಿಸ್ಟಿಲರ್ಸ್ ಕಂಪನಿಯ ಕೈಯಲ್ಲಿ ಓಲ್ಡ್ ಕ್ರೋ ಮತ್ತೆ ಮೇಲೆದ್ದಿತು. 20ನೇ ಶತಮಾನದ ನಡುವಿನಲ್ಲಿ ಅದು ಅಮೆರಿಕದ ಅತಿ ಹೆಚ್ಚು ಮಾರಾಟವಾಗುವ ಬರ್ಬನ್‌ಗಳಲ್ಲಿ ಒಂದಾಗಿತ್ತು.

ಅಳತೆ ತಪ್ಪಿದ ದಿನ

ನಂತರ ಬಂತು ಇಳಿಗಾಲ. ಬರ್ಬನ್ ಇತಿಹಾಸ ಬರೆದವರು ಹೇಳುವಂತೆ, 1960ರ ದಶಕದಲ್ಲಿ ಡಿಸ್ಟಿಲರಿಯನ್ನು ವಿಸ್ತರಿಸಿ ಹೊಸದಾಗಿಸಿದಾಗ ಹೊಸ ಗಂಜಿಗೆ ಬೆರೆಸುವ ಹುಳಿ ದ್ರವದ ಪ್ರಮಾಣ ಬದಲಾಯಿತು. ರುಚಿ ಕೆಟ್ಟಿದೆ ಎಂಬ ದೂರು ಬಂದರೂ ಅದನ್ನು ಸರಿಪಡಿಸಲಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ದೂರವಾದರು.

ಕ್ರೋ ಯಾವ ಅಳತೆಯಿಂದ ಹೆಸರು ಗಳಿಸಿದರೋ ಅದೇ ಅಳತೆ ತಪ್ಪಿ ಅವರ ಹೆಸರಿನ ವಿಸ್ಕಿ ಕೆಳಗಿಳಿಯಿತು. ಲೇಬಲ್ ಮೇಲೆ ಅವರ ಹೆಸರು ಮಾತ್ರ ಹಾಗೆಯೇ ಇತ್ತು.

1987ರಲ್ಲಿ ಈ ಬ್ರ್ಯಾಂಡ್ ಜಿಮ್ ಬೀಮ್ ಬಳಗಕ್ಕೆ ಮಾರಾಟವಾಯಿತು. ಗ್ಲೆನ್ಸ್ ಕ್ರೀಕ್‌ನ ಹಳೆ ಡಿಸ್ಟಿಲರಿ ಮುಚ್ಚಿತು. ಅಂದಿನಿಂದ ಓಲ್ಡ್ ಕ್ರೋ ತಯಾರಾಗುವುದು ಜಿಮ್ ಬೀಮ್ ಡಿಸ್ಟಿಲರಿಯಲ್ಲಿ, ಅಲ್ಲಿನ ಧಾನ್ಯದ ಲೆಕ್ಕಾಚಾರದಲ್ಲಿ. ಪೀಪಾಯಿಯಲ್ಲಿ 3 ವರ್ಷ ಮಾಗಿದ, ಶೇ. 40 ಆಲ್ಕೋಹಾಲ್ ಇರುವ ಅಗ್ಗದ ವಿಸ್ಕಿ ಅದು.

ಹಳೆ ಬಾಟಲಿ, ಹೊಸ ಬಾಟಲಿ: ಪಕ್ಕಪಕ್ಕ ಇಟ್ಟರೆ

ಈಗ ಫಾರ್ವರ್ಡಿನ ಪ್ರಶ್ನೆಗೆ ಬರೋಣ. 1969ರಲ್ಲಿ ಓಲ್ಡ್ ಕ್ರೋ ಚದುರಂಗದ ಕಾಯಿಗಳ ಆಕಾರದ ಪಿಂಗಾಣಿ ಬಾಟಲಿಗಳನ್ನು ಬಿಡುಗಡೆ ಮಾಡಿತು. ರಾಜ, ರಾಣಿ, ಕುದುರೆ, ಪದಾತಿ ಎಲ್ಲದರ ಹೊಟ್ಟೆಯಲ್ಲೂ 10 ವರ್ಷ ಮಾಗಿದ, ಶೇ. 43 ಆಲ್ಕೋಹಾಲ್ ಇರುವ ಬರ್ಬನ್. ಸಂಗ್ರಹಕಾರರು ಇವನ್ನು ಇಂದಿಗೂ ಹುಡುಕುತ್ತಾರೆ. ಇಂದಿನ ಓಲ್ಡ್ ಕ್ರೋಗೆ ಹೋಲಿಸಿ ಹಳೆಯದೇ ಮೇಲು ಎನ್ನುವವರು ಬಹಳ.

ಅವರ ನಾಲಿಗೆ ಸುಳ್ಳು ಹೇಳುತ್ತಿರಬೇಕಿಲ್ಲ. ಕಾರಣ ಮಾತ್ರ ಬಾಟಲಿಯ ವಯಸ್ಸಲ್ಲ. ಲೆಕ್ಕ ಹಾಕಿ ನೋಡಿ:

• 1969ರಲ್ಲಿ 10 ವರ್ಷ ಮಾಗಿತ್ತು ಎಂದರೆ ಅದು ಭಟ್ಟಿ ಇಳಿದದ್ದು 1959ರ ಹೊತ್ತಿಗೆ. 1960ರ ದಶಕದ ಬದಲಾವಣೆಗೂ ಮುಂಚೆ.

• ಒಂದು 10 ವರ್ಷ ಪೀಪಾಯಿಯಲ್ಲಿತ್ತು, ಇನ್ನೊಂದು 3 ವರ್ಷ.

• ಒಂದು ಗ್ಲೆನ್ಸ್ ಕ್ರೀಕ್‌ನದು, ಇನ್ನೊಂದು ಬೇರೆ ಡಿಸ್ಟಿಲರಿಯದು.

• ಬರ್ಬನ್ ಅನ್ನು ಪೀಪಾಯಿಗೆ ತುಂಬುವಾಗ ಇರಬಹುದಾದ ಆಲ್ಕೋಹಾಲಿನ ಗರಿಷ್ಠ ಮಿತಿಯನ್ನು ಅಮೆರಿಕ 1962ರಲ್ಲಿ ಶೇ. 55ರಿಂದ ಶೇ. 62.5ಕ್ಕೆ ಏರಿಸಿತು. ಹೆಚ್ಚು ಗಟ್ಟಿಯಾಗಿ ತುಂಬಿದರೆ ಬಾಟಲಿಗೆ ಹಾಕುವಾಗ ಹೆಚ್ಚು ನೀರು ಬೆರೆಸಬೇಕು. ಮರದಿಂದ ಇಳಿಯುವ ಅಂಶಗಳ ಸಮತೋಲವೂ ಬದಲಾಗುತ್ತದೆ.

ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ರೂಢಿ. ಹೆಸರು ಒಂದೇ ಎಂದ ಮಾತ್ರಕ್ಕೆ ಇಬ್ಬರೂ ಒಬ್ಬರೇ ಆಗುವುದಿಲ್ಲ. ಇಲ್ಲೂ ಅಷ್ಟೇ.

ಮಾಗುವುದು ಎಂದರೆ ಏನು ಎಂಬುದನ್ನೂ ತಿಳಿಯೋಣ. ಬರ್ಬನ್ ಅನ್ನು ಒಳಮೈ ಸುಟ್ಟು ಕರಿಮಾಡಿದ ಹೊಸ ಓಕ್ ಪೀಪಾಯಿಯಲ್ಲಿ ಇಡುತ್ತಾರೆ. ಬೇಸಿಗೆಯಲ್ಲಿ ದ್ರವ ಹಿಗ್ಗಿ ಮರದೊಳಗೆ ಇಳಿಯುತ್ತದೆ, ಚಳಿಗಾಲದಲ್ಲಿ ಹೊರಬರುತ್ತದೆ. ಹೀಗೆ ಹೋಗಿಬಂದು ವೆನಿಲ್ಲಾ ಪರಿಮಳ, ಕ್ಯಾರಮೆಲ್ ಬಣ್ಣ, ಮರದ ಒಗರು ಎಲ್ಲವನ್ನೂ ಹೊತ್ತು ತರುತ್ತದೆ. ಮರದ ರಂಧ್ರಗಳಿಂದ ಗಾಳಿಯೂ ಆಡುತ್ತದೆ, ವರ್ಷಕ್ಕೆ ಒಂದಿಷ್ಟು ದ್ರವ ಆವಿಯಾಗಿಯೂ ಹೋಗುತ್ತದೆ. ಗಾಜಿನ ಬಾಟಲಿಯಲ್ಲಿ ಮರವಿಲ್ಲ. 10 ವರ್ಷದ ವಿಸ್ಕಿಯನ್ನು 50 ವರ್ಷ ಬಾಟಲಿಯಲ್ಲಿ ಇಟ್ಟರೂ ಅದು 10 ವರ್ಷದ ವಿಸ್ಕಿಯೇ.

ಬಾಟಲಿಯಲ್ಲಿ ಏನೂ ಆಗುವುದಿಲ್ಲವೇ? ಆಗುತ್ತದೆ, ಹೆಚ್ಚಾಗಿ ನಷ್ಟವೇ. ಬಿರಡೆ ಒಣಗಿದರೆ ಆಲ್ಕೋಹಾಲ್ ಆವಿಯಾಗಿ ಮಟ್ಟ ಇಳಿಯುತ್ತದೆ. ಗಾಳಿ ಸೇರಿ ಪರಿಮಳ ಮಂಕಾಗುತ್ತದೆ. ಬಿಸಿಲು ಬಿದ್ದರೆ ಬಣ್ಣ, ರುಚಿ ಎರಡೂ ಕೆಡುತ್ತವೆ.

ಇನ್ನೊಂದು ಮನಸ್ಸಿನ ಆಟ. ದಶಕಗಳ ಕಾಲ ಜೋಪಾನವಾಗಿ ಉಳಿಯುವುದು ಹೆಚ್ಚಾಗಿ ಒಳ್ಳೆಯ ಬಾಟಲಿಗಳೇ. ಅಂದಿನ ಕೆಟ್ಟ ವಿಸ್ಕಿಯನ್ನು ಯಾರೂ ಅಲಂಕಾರಕ್ಕೆ ಇಟ್ಟುಕೊಳ್ಳಲಿಲ್ಲ. ಉಳಿದದ್ದನ್ನೇ ನೋಡಿ ಹಿಂದಿನದೆಲ್ಲ ಚಿನ್ನ ಎನ್ನುವುದು ಹಳೆ ಸಿನಿಮಾ ಹಾಡುಗಳ ವಿಷಯದಲ್ಲೂ ನಾವು ಮಾಡುವ ತಪ್ಪು. ಬೆಲೆ ಮತ್ತು ವಯಸ್ಸು ಮೊದಲೇ ಗೊತ್ತಿದ್ದರೆ ನಾಲಿಗೆಯೂ ಅದರ ಹಿಂದೆ ಹೋಗುತ್ತದೆ. ಸರಿಯಾದ ಹೋಲಿಕೆ ಆಗಬೇಕಾದರೆ ಯಾವ ಲೋಟದಲ್ಲಿ ಯಾವುದಿದೆ ಎಂದು ಸವಿಯುವವರಿಗೆ ತಿಳಿದಿರಬಾರದು.

ಎಚ್ಚರ: ಹಳೆ ಪಿಂಗಾಣಿ ಮತ್ತು ಸೀಸ

ಫಾರ್ವರ್ಡುಗಳು ಹೇಳದ ಒಂದು ಅಪಾಯ ಇದೆ. ಹಳೆಯ ಕೆಲವು ಪಿಂಗಾಣಿ ಪಾತ್ರೆಗಳ ಹೊಳಪಿನ ಲೇಪದಲ್ಲಿ, ಹಾಗೆಯೇ ಕ್ರಿಸ್ಟಲ್ ಗಾಜಿನಲ್ಲಿ ಸೀಸ ಇರುತ್ತದೆ. ಮದ್ಯ ದೀರ್ಘಕಾಲ ಅದರೊಳಗೆ ನಿಂತರೆ ಸೀಸ ಕರಗಿ ಬರಬಹುದು. ಸೀಸ ಬೆರೆತ ಕ್ರಿಸ್ಟಲ್ ಪಾತ್ರೆಗಳಿಂದ ಮದ್ಯಕ್ಕೆ ಸೀಸ ಇಳಿಯುವುದನ್ನು ಅಮೆರಿಕದ ಸಂಶೋಧಕರು 1991ರಲ್ಲಿ ಅಳೆದು ತೋರಿಸಿದ್ದಾರೆ. ಸೀಸ ನರಮಂಡಲ, ಮೂತ್ರಪಿಂಡ, ರಕ್ತ ಎಲ್ಲಕ್ಕೂ ಕೇಡು. ಅದು ಇದೆಯೇ ಎಂದು ಬಣ್ಣ, ವಾಸನೆ ನೋಡಿ ಹೇಳಲಾಗದು. ಅಟ್ಟದ ಮೇಲಿನ ಚೆಂದದ ಪಿಂಗಾಣಿ ಬಾಟಲಿಯನ್ನು ಷೋಕೇಸಿನಲ್ಲಿ ಇಡಿ, ಲೋಟಕ್ಕೆ ಬಗ್ಗಿಸಬೇಡಿ.

ಮದ್ಯ ಹಳೆಯದಾದರೆ ಔಷಧವಾಗುತ್ತದೆ ಎಂಬ ಮಾತೂ ಹುಸಿ. ಬಾಟಲಿ ಎಷ್ಟೇ ಹಳೆಯದಾಗಲಿ, ಒಳಗಿನ ಎಥೆನಾಲ್ ಅದೇ ಎಥೆನಾಲ್. ಆಲ್ಕೋಹಾಲ್ ಪಾನೀಯಗಳು ಕ್ಯಾನ್ಸರ್ ಉಂಟುಮಾಡುತ್ತವೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ವರ್ಗೀಕರಿಸಿದೆ. ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಶೀತಕ್ಕೆಂದು ಮಕ್ಕಳ ಬಾಯಿಗೆ ಹಳೆ ಬ್ರಾಂದಿ ಹನಿಸುವುದಂತೂ ಅಪಾಯ. ಮೈ ಬೆಚ್ಚಗಾದಂತೆ ಅನ್ನಿಸುವುದು ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ. ನಿಜದಲ್ಲಿ ದೇಹ ಶಾಖ ಕಳೆದುಕೊಳ್ಳುತ್ತಿರುತ್ತದೆ.

ಹಾಗಾದರೆ ನಿಜವೇನು?

• ವಿಸ್ಕಿ ಮಾಗುವುದು ಮರದ ಪೀಪಾಯಿಯಲ್ಲಿ, ಬಾಟಲಿಯಲ್ಲಿ ಅಲ್ಲ.

• ಹಳೆ ಮತ್ತು ಹೊಸ ಬಾಟಲಿಗಳ ರುಚಿ ಬೇರೆ ಇರಬಹುದು. ಕಾರಣ ತಯಾರಿಕೆಯ ಕ್ರಮ, ಡಿಸ್ಟಿಲರಿ, ಪೀಪಾಯಿಯಲ್ಲಿ ಕಳೆದ ವರ್ಷಗಳು.

• ಹಳೆಯದಾದ ಮಾತ್ರಕ್ಕೆ ಅದು ಸುರಕ್ಷಿತವೂ ಅಲ್ಲ, ಔಷಧವೂ ಅಲ್ಲ.

ಜೇಮ್ಸ್ ಕ್ರೋ ಬೆರಳಿನ ಅಂದಾಜನ್ನು ನಂಬದೆ ಥರ್ಮಾಮೀಟರ್ ಹಿಡಿದ ಮನುಷ್ಯ. ಅವರು ಹೋದ ಮೇಲೆ ಜನ ಅವರ ಹೆಸರನ್ನು ನಂಬಿದರು, ಒಳಗೆ ಏನಿದೆ ಎಂದು ಅಳೆಯುವುದನ್ನು ಬಿಟ್ಟರು. ಮುಂದಿನ ಸಲ ಇಂಥ ಹಳೆ ಬಾಟಲಿಯ ಫೋಟೊ ಬಂದರೆ ಮುಂದಕ್ಕೆ ತಳ್ಳುವ ಮುನ್ನ ಎರಡು ಪ್ರಶ್ನೆ ಕೇಳಿ: ಎಷ್ಟು ವರ್ಷ ಪೀಪಾಯಿಯಲ್ಲಿತ್ತು, ಯಾರು ಎಲ್ಲಿ ಮಾಡಿದ್ದು? ಉತ್ತರ ಇಲ್ಲದಿದ್ದರೆ ಆ ಫಾರ್ವರ್ಡ್ ನಿಮ್ಮಲ್ಲೇ ನಿಲ್ಲಲಿ.